ಬರ್ತೇನಿ ಅನ್ನಬ್ಯಾಡ

ಜೂನ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಹತ್ತರಗಿಯ ಉದ್ದವ್ವ ತನ್ನ ಗಿರಣಿಯ ಗೋಡೆಗಿದ್ದ ತಗಡಿನ ಬೋರ್ಡನ್ನು ಉಳಿ ಹಾಕಿ ಕೀಳುತ್ತಿದ್ದಳು. ಬೋರ್ಡಿನ ಮೇಲೆ ನಗುವ ಸೂರ್ಯನ ಚಿತ್ರ, ಗಿರಣಿ ಕೊಟ್ಟ ಸಂಸ್ಥೆಯ ಹೆಸರು, ಅದರ ಗೋಕಾಕ ಕಚೇರಿಯ ಫೋನ್ ನಂಬರು ಇದ್ದವು. ಹಿಂದಿನ ದಿನ ಬೆಕ್ಕು ಕೋಳಿಗೂಡಿಗೆ ನುಗ್ಗಿ ಒಂದು ಮರಿ ಒಯ್ದಿತ್ತು. ಗೂಡಿಗೆ ಬಾಗಿಲಿರಲಿಲ್ಲ. ಬೋರ್ಡಿನ ಅಳತೆ ಗೂಡಿನ ಬಾಯಿಗೆ ಸರಿಯಾಗಿ ಕೂರುತ್ತದೆಂದು ಅವಳು ಗೇಣು ಹಾಕಿ ನೋಡಿಕೊಂಡಿದ್ದಳು.

ಕೊನೆಯ ಮೊಳೆ ಅಲ್ಲಾಡುವ ಹೊತ್ತಿಗೆ ಕೇರಿಯೊಳಗೆ ಒಂದು ಸ್ಕೂಟಿ ಬಂದು ನಿಂತಿತು. ಇಳಿದವಳು ದೀಪಾ, ಮೂಡಲಗಿ ಕಡೆಯ ಹುಡುಗಿ. ಸಂಸ್ಥೆಯ ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ.

"ಅದು ಸಂಸ್ಥಾದ ಬೋರ್ಡ್ ಐತ್ರಿ, ಕಾಕು," ಎಂದಳು.

"ಇತ್ತು," ಎಂದಳು ಉದ್ದವ್ವ. ಮೊಳೆ ಕಿತ್ತು ಬಂತು.

ಉದ್ದವ್ವನ ಬಾಯಿ ಎಂಥದು ಎಂದು ಹತ್ತರಗಿಯಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಮನೆಯಲ್ಲಿ ಕೂತಿದ್ದರೂ ಕೇಳಿಸುತ್ತದೆ. ಅವಳ ತವರು ಗೋಕಾಕ ತಾಲೂಕಿನ ಮಮದಾಪುರ. ಹುಡುಗಿಯಾಗಿದ್ದಾಗ, ಜೋಳ ಹಾಲುಗಟ್ಟುವ ದಿನಗಳಲ್ಲಿ ಇನ್ನೊಬ್ಬರ ಹೊಲದ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸುವುದು ಅವಳ ಕೆಲಸವಾಗಿತ್ತು. ಕವಣೆ ಬೀಸಿ ತೋಳು ಸೋತಾಗ ಕೂಗಿಯೇ ಓಡಿಸುತ್ತಿದ್ದಳು. ದೂರದ ಬದುವಿನ ಮೇಲೆ ಕೂತ ಗಿಳಿಹಿಂಡು ಅವಳ ಒಂದು ಕೂಗಿಗೆ ಏಳುತ್ತಿತ್ತಂತೆ. ಆಗ ತೆರೆದ ಗಂಟಲು ಮತ್ತೆ ಮುಚ್ಚಲಿಲ್ಲ. ಮದುವೆಯಾಗಿ ಹತ್ತರಗಿಗೆ ಬಂದಮೇಲೆ ಗಂಡ ದುರ್ಗಪ್ಪನ ಜೊತೆ ಕಬ್ಬು ಕಡಿಯುವ ಗ್ಯಾಂಗಿಗೆ ಹೋದಳು. ದುರ್ಗಪ್ಪ ಮಾತು ಕಡಿಮೆಯ ಮನುಷ್ಯ. ಇಬ್ಬರ ಪಾಲಿನದನ್ನೂ ಆಕೆಯೇ ಆಡಿ ಮುಗಿಸುವಾಗ ತಾನು ಯಾಕೆ ಬಾಯಿ ನೋಯಿಸಿಕೊಳ್ಳಬೇಕು ಎಂಬ ಲೆಕ್ಕ ಅವನದು. ವರ್ಷಗಟ್ಟಲೆ ಕಬ್ಬಿನ ಹೊರೆ ಹೊತ್ತು ಕೊನೆಗೆ ಅವಳ ಮೊಣಕಾಲುಗಳು ಕೈಕೊಟ್ಟವು.

ಗಿರಣಿ ಬಂದದ್ದು ಆಗ. ಅದು ಬರಬೇಕಾದ ಕಾರಣ ಮಾತ್ರ ಮೊಣಕಾಲಲ್ಲ, ಪಾಳಿ.

ಊರ ಹಿಟ್ಟಿನ ಗಿರಣಿ ಗುರುಲಿಂಗಪ್ಪನದು. ಅಲ್ಲಿ ಕೇರಿಯವರ ಜೋಳ ಯಾವಾಗಲೂ ಕೊನೆಗೆ. ಬೆಳಿಗ್ಗೆ ಮೊದಲು ಹೋಗಿ ಡಬ್ಬಿ ಇಟ್ಟರೂ, ಹಿಂದಿನಿಂದ ಬಂದ ಊರವರ ಡಬ್ಬಿಗಳು ಒಂದೊಂದಾಗಿ ಮುಂದೆ ಸರಿಯುತ್ತಿದ್ದವು. ಕೇಳಿದರೆ "ಹಿಟ್ಟ ಕೂಡ್ತೈತಿ" ಎಂಬ ಒಂದೇ ಉತ್ತರ: ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟು ಮುಂದಿನವರದರಲ್ಲಿ ಬೆರೆಯುತ್ತದಂತೆ. ನಡುವೆ ಕರೆಂಟು ಹೋಯಿತೆಂದರೆ ಕೊನೆಯವರ ಪಾಳಿ ಮರುದಿನಕ್ಕೆ. ಅಂದು ಕೇರಿಯಲ್ಲಿ ರೊಟ್ಟಿ ಇಲ್ಲ, ಅನ್ನವೇ ಗತಿ.

ಸಂಸ್ಥೆಯವರು ಬಿಸಿಲಿನ ಗಿರಣಿ ಕೊಡುತ್ತೇವೆಂದು ಬಂದಾಗ ಕೇರಿಯ ಹೆಂಗಸರು ಒಂದೇ ಮಾತಿನಲ್ಲಿ ಉದ್ದವ್ವನ ಹೆಸರು ಹೇಳಿದರು. ಗುರುಲಿಂಗಪ್ಪನ ಎದುರು ನಿಂತು ಜಗಳ ಕಾಯಲು ಇನ್ಯಾರಿಗೂ ಗಂಟಲಿರಲಿಲ್ಲ. ಅವಳ ಮಾಳಿಗೆಯ ಮೇಲೆ ಪ್ಯಾನೆಲ್ಲು ಕೂತವು, ಕೆಳಗಿನ ಕೋಣೆಯಲ್ಲಿ ಗಿರಣಿ. ನಡುವೆ ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ, ಬಿಸಿಲಿನ ಕರೆಂಟನ್ನು ಮೋಟರಿಗೆ ತಕ್ಕ ಹಾಗೆ ಅಳೆದು ಕೊಡುವಂಥದು. ಬ್ಯಾಟರಿ ಇಲ್ಲ. ಬಿಸಿಲಿದ್ದರೆ ಕಲ್ಲು ಓಡುತ್ತದೆ, ಮೋಡ ಕವಿದರೆ ಕುಂಟುತ್ತದೆ, ಸಂಜೆಗೆ ಮಲಗುತ್ತದೆ. ಉದ್ದವ್ವನ ಕಾಯಿದೆ ಒಂದೇ: ಬಂದ ಹಾಗೆ ಪಾಳಿ.

ಆ ಕಾಯಿದೆಗೂ ಒಂದು ದಿನ ಪರೀಕ್ಷೆ ಬಂತು. ಊರಲ್ಲಿ ಇಡೀ ದಿನ ಕರೆಂಟಿಲ್ಲದಾಗ ಗುರುಲಿಂಗಪ್ಪನ ತಮ್ಮನ ಹೆಂಡತಿ ಲಕ್ಷ್ಮೀ ಡಬ್ಬಿ ಹಿಡಿದು ಕೇರಿಯ ಬಾಯಲ್ಲಿ ನಿಂತಳು. ಮನೆಯಲ್ಲಿ ಬೀಗರು ಬಂದಿದ್ದರು, ಹಿಟ್ಟಿರಲಿಲ್ಲ. ಕೇರಿಯ ಹೆಂಗಸರು ಉದ್ದವ್ವನಿಗೆ ಕಣ್ಸನ್ನೆ ಮಾಡಿದರು: ಈಕೆಯದು ಕೊನೆಗೆ. ಉದ್ದವ್ವನೂ ಇಂಥ ದಿನಕ್ಕಾಗಿ ಕಾದವಳೇ. ಆದರೆ ಡಬ್ಬಿ ನೋಡಿ, ಲಕ್ಷ್ಮಿಯ ಮುಖ ನೋಡಿ ಹೇಳಿದಳು:

"ಅಲ್ಲೇ ಇಡು. ನಿನ್ನ ಮುಂದ ಇಬ್ಬರ ಅದಾರ, ಮೂರನೇದ್ದು ನಿಂದು. ಹಿಟ್ಟ ಕೂಡ್ತೈತಿ ಅಂತ ಅಂಜಿಕಿ ಇದ್ರ ಈಗ ಹೇಳು."

ಲಕ್ಷ್ಮೀ ಡಬ್ಬಿ ಇಟ್ಟಳು.

ಹೀಗೆ ಮೂರು ವರ್ಷ ನಡೆದ ಗಿರಣಿ, ಕಳೆದ ಅಕ್ಟೋಬರಿನಲ್ಲಿ, ಮಳೆ ಹಿಂದಾದ ಮೇಲೆ, ಒಂದು ಮಧ್ಯಾಹ್ನ ಪೆಟ್ಟಿಗೆಯೊಳಗೆ ಚಟ್ ಎಂದು ಸದ್ದಾಗಿ ನಿಂತುಹೋಯಿತು. ಸುಟ್ಟ ವಾಸನೆ ಬಂತು. ಉದ್ದವ್ವ ಬೋರ್ಡಿನ ನಂಬರಿಗೆ ಫೋನು ಮಾಡಿಸಿದಳು. ಒಬ್ಬ ಬಂದ. ಪೆಟ್ಟಿಗೆಗೆ ಸೀಲ್ ಇದೆ, ಕಂಪನಿಯವರು ಪುಣೆಯಿಂದ ಬಂದೇ ತೆರೆಯಬೇಕು, ಬೇರೆ ಯಾರು ಮುಟ್ಟಿದರೂ ಗ್ಯಾರಂಟಿ ಹೋಗುತ್ತದೆ ಎಂದು ಹೇಳಿ, "ಬರ್ತೇವ್ರಿ ಕಾಕು" ಎಂದು ಎದ್ದ. ಚಳಿಗಾಲದಲ್ಲಿ ಇನ್ನೊಬ್ಬ ಬಂದು ಫೋಟೋ ಹೊಡೆದುಕೊಂಡು "ಬರ್ತೇವ್ರಿ" ಎಂದ. ಆಮೇಲೆ ಬಂದ ದೊಡ್ಡ ಸಾಹೇಬರು ಚಹಾ ಕುಡಿದು, ಚಹಾ ಹೊಗಳಿ, ಅವರೂ "ಬರ್ತೇವಿ" ಎಂದರು. ಹೆದ್ದಾರಿಯ ಬಾಜೂ ಟಿವಿ, ಮೋಟರು ರಿಪೇರಿ ಮಾಡುವ ಪರಪ್ಪನನ್ನು ಕೇಳಿದರೆ, ಸೀಲ್ ಒಡೆದು ಸಂಸ್ಥೆಯವರ ಕೈಯಲ್ಲಿ ತಾನು ಸಿಕ್ಕಿಬೀಳಲಾರೆ ಎಂದು ಕೈ ಮುಗಿದ. ಹುಕ್ಕೇರಿಯ ಅಂಗಡಿಯವನೂ ಅದನ್ನೇ ಹೇಳಿದ.

ನಮ್ಮ ಕಡೆ ಹೊರಟವರು 'ಹೋಗ್ತೇನಿ' ಅನ್ನುವುದಿಲ್ಲ, ಅಪಶಕುನ. 'ಬರ್ತೇನಿ' ಎಂದರೆ ಹೊರಟೆ ಎಂದೇ ಅರ್ಥ. ಇದು ಹಾಲು ಕುಡಿಯುವ ಕೂಸಿಗೂ ಗೊತ್ತು, ಉದ್ದವ್ವನಿಗೂ ಗೊತ್ತಿತ್ತು. ಆದರೆ ಆ ಎಂಟು ತಿಂಗಳಲ್ಲಿ ಅವಳು ಅದನ್ನು ಬೇಕೆಂದೇ ಮರೆತಳು. ಬರ್ತೇವಿ ಅಂದಿದ್ದಾರೆ, ಬರಲಿ ಎಂದು ದಿನಾ ಬೆಳಿಗ್ಗೆ ಕೇರಿಗೆಲ್ಲ ಕೇಳುವಂತೆ ಒಬ್ಬೊಬ್ಬರ ಹೆಸರು ಹಿಡಿದು ಬಯ್ದಳು.

ಅತ್ತ ಕೇರಿಯ ಡಬ್ಬಿಗಳು ಮತ್ತೆ ಊರ ಗಿರಣಿಗೆ ಹೋದವು. ಉದ್ದವ್ವ ಮೊದಲ ದಿನ ಹೋದಾಗ ಗುರುಲಿಂಗಪ್ಪ ಮೋಟರಿನ ಪಟ್ಟಾ ಏರಿಸುತ್ತ, ಅವಳ ಕಡೆ ನೋಡದೆ ಕೇಳಿದ:

"ಯಾಕ ಉದ್ದವ್ವಾ, ಸೂರ್ಯಾಗ ಜ್ವರಾ ಬಂತೇನು? ಇರ್ಲಿ ಇರ್ಲಿ. ಊರಿಗಿ ಬಂದಾಕಿ ನೀರಿಗಿ ಬರೂದಿಲ್ಲೇನು."

ಕೂತವರು ನಕ್ಕರು. ಉದ್ದವ್ವ ಡಬ್ಬಿಯನ್ನು ಸಾಲಿನ ಕೊನೆಗೆ ಇಟ್ಟು ಸುಮ್ಮನೆ ನಿಂತಳು. ಮನೆಗೆ ಬಂದ ಮೇಲೂ ಸುಮ್ಮನೇ ಇದ್ದಳು. ಅಂದು ಸಂಜೆ ತಾನು ನಿಜವಾಗಿ ಹೆದರಿದೆ ಎಂದು ದುರ್ಗಪ್ಪ ಆಮೇಲೆ ಹೇಳಿದ್ದುಂಟು.

ಈಗ ದೀಪಾ ತಂದ ಸುದ್ದಿ ಇದು: ಗಿರಣಿ ಎಂಟು ತಿಂಗಳಿಂದ ನಿಂತಿರುವುದರಿಂದ, ಹತ್ತರಗಿಯವರಿಗೆ ಅದರ ಅಗತ್ಯವಿಲ್ಲ ಎಂದು ಸಂಸ್ಥೆ ತೀರ್ಮಾನಿಸಿದೆ. ಮುಂದಿನ ಬುಧವಾರ ಟೆಂಪೋ ಬರುತ್ತದೆ, ಪ್ಯಾನೆಲ್ಲು, ಗಿರಣಿ ಎಲ್ಲ ತುಕ್ಕಾನಟ್ಟಿ ಎಂಬ ಇನ್ನೊಂದು ಊರಿಗೆ ಹೋಗುತ್ತವೆ.

ಉದ್ದವ್ವ ಬೋರ್ಡನ್ನು ಗೂಡಿನ ಬಾಯಿಗೆ ತಲೆಕೆಳಗಾಗಿ ಒರಗಿಸಿ, ಸೆರಗಿನಿಂದ ಕೈ ಒರೆಸಿಕೊಂಡಳು.

"ಕೊಡಾಕ ಬರೂ ದಾರಿ ನಿಮಗ ಗೊತ್ತಿತ್ತು. ಒಯ್ಯಾಕ ಬರೂ ದಾರೀನೂ ಗೊತ್ತೈತಿ. ರಿಪೇರಿಗಿ ಬರೂ ದಾರಿ ಅಷ್ಟ ಯಾರಿಗೂ ಸಿಗಲಿಲ್ಲ, ಅಲ್ಲ?"

ದೀಪಾಳಿಗೂ ಸಿಟ್ಟು ಬಂತು. ತಾನು ಬರುವ ಮೊದಲೇ ಆದದ್ದಕ್ಕೆ ತಾನು ಹೊಣೆಯಲ್ಲ, ಮೂರು ತಾಲೂಕಿಗೆ ತಾನೊಬ್ಬಳು, ಸ್ಕೂಟಿಯೂ ತನ್ನ ಸ್ವಂತದ್ದು ಎಂದು ಒಂದೇ ಉಸಿರಿಗೆ ಹೇಳಿ, "ನನಗ್ಯಾಕ ಬೈತೀರಿ?" ಎಂದು ಕೇಳಿದಳು.

"ನೀ ಬಂದೀ, ಅದಕ್ಕ. ಬರದವರಿಗಿ ಬೈದ್ರ ಕೇಳಸೂದಿಲ್ಲ."

ದೀಪಾ ಸ್ಕೂಟಿ ಏರಿದಳು. ರೂಢಿಯಂತೆ ಬಾಯಿಗೆ ಆ ಮಾತು ಬಂದೇಬಿಟ್ಟಿತ್ತು.

"ಬರ್ತೇನಿ ಅನ್ನಬ್ಯಾಡ," ಎಂದಳು ಉದ್ದವ್ವ.

ದೀಪಾ ಒಂದು ಕ್ಷಣ ಅವಳನ್ನೇ ನೋಡಿದಳು. "ಆತ್ರಿ. ಹೋಗ್ತೇನಿ."

ಕಟ್ಟೆಯ ಮೇಲೆ ಕೂತಿದ್ದ ದುರ್ಗಪ್ಪ ಗಾಬರಿಯಿಂದ ಎದ್ದ. "ಹಂಗ ಅನಬಾರದವ್ವಾ..."

"ಅನ್ಲಿ ಬಿಡು," ಎಂದಳು ಉದ್ದವ್ವ. "ಇಷ್ಟ ಮಂದ್ಯಾಗ ಈಕಿ ಒಬ್ಬಾಕಿ ಖರೆ ಹೇಳಿದ್ಲು."

ಬುಧವಾರ ಟೆಂಪೋ ಬಂದಾಗ ಗಿರಣಿಯ ಬಾಗಿಲಿಗೆ ಬೀಗವಿತ್ತು, ಮಾಳಿಗೆಗೆ ಹತ್ತುವ ಏಣಿ ಇರಲಿಲ್ಲ. ಏಣಿಯನ್ನು ಮೇಲೆ ಎಳೆದುಕೊಂಡು ಉದ್ದವ್ವ ಪ್ಯಾನೆಲ್ಲುಗಳ ನಡುವೆ ಕೂತಿದ್ದಳು. ಆ ಮೊಣಕಾಲಿನಲ್ಲಿ ಹೇಗೆ ಹತ್ತಿದಳು ಎಂಬುದು ಇವತ್ತಿಗೂ ಕೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಟೆಂಪೋ ನಿಂತ ಕೂಡಲೇ ಅವಳು ಬಾಯಿ ತೆರೆದಳು. ಸಂಸ್ಥೆಯನ್ನು ಅದರ ಅಡಿಗಲ್ಲಿನಿಂದ ಹಿಡಿದು ಬೋರ್ಡಿನ ಮೇಲಿನ ಸೂರ್ಯನ ಹಲ್ಲಿನವರೆಗೆ ಬಯ್ದಳು. ಬಯ್ಯಲು ಬೇಕಾದ ಯಾವ ಮಾತನ್ನೂ ಅವಳು ಎರಡು ಸಲ ಬಳಸಲಿಲ್ಲ ಎಂದು ಕೇಳಿದವರು ಹೇಳುತ್ತಾರೆ. ಕೇರಿ ಕೂಡಿತು, ಊರು ಕೂಡಿತು. ಗುರುಲಿಂಗಪ್ಪನೂ ಬೆನ್ನಹಿಂದೆ ಕೈಕಟ್ಟಿಕೊಂಡು ಬಂದು ನಿಂತ. ಟೆಂಪೋ ಜೊತೆ ಬಂದಿದ್ದ ದೀಪಾ ಬಿಸಿಲಲ್ಲಿ ನಿಂತು ಪೂರ್ತಿ ಕೇಳಿದಳು. ಉಸಿರು ತೆಗೆದುಕೊಳ್ಳಲು ಉದ್ದವ್ವ ನಿಂತಾಗ, ಹಾಗಾದರೆ ನೀವು ಏನನ್ನುತ್ತೀರಿ ಎಂದು ಕೇಳಿದಳು.

"ಒಯ್ಯಿರಿ, ಬ್ಯಾಡ ಅನ್ನೂದಿಲ್ಲ. ಆದ್ರ ಅದು ಯಾಕ ಸತ್ತೈತಿ ಅಂತ ನಮ್ಮ ಮುಂದ ತೋರಿಸಿ ಒಯ್ಯಿರಿ. ಮನಷ್ಯಾ ಸತ್ರೂ ಏನಾಗಿತ್ತು ಅಂತ ಕೇಳ್ತಾರ."

ದೀಪಾ ಗೋಕಾಕಕ್ಕೆ ಫೋನು ಹಚ್ಚಿದಳು. ಸೀಲ್ ಮುಟ್ಟಬೇಡ, ಸಾಮಾನು ಹೇರಿಕೊಂಡು ಬಾ ಎಂದು ಆ ಕಡೆಯಿಂದ ಉತ್ತರ ಬಂತು. ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಇಲ್ಲಿ ರಿಪೇರಿಯವರು ಯಾರಾದರೂ ಇದ್ದಾರೆಯೇ ಎಂದು ಕೇಳುವಷ್ಟರಲ್ಲಿ ಪರಪ್ಪ ಮಂದಿಯ ಹಿಂದೆ ಸೈಕಲ್ಲು ನಿಲ್ಲಿಸುತ್ತಿದ್ದ. ನಿಮಗೆ ಯಾರು ಹೇಳಿಕಳಿಸಿದರು ಎಂದರೆ, "ಯಾರೂ ಇಲ್ರಿ. ಅಂಗಡ್ಯಾಗ ಕುಂತಿದ್ದೆ, ಕೇಳಿಸ್ತು," ಎಂದ.

ಉದ್ದವ್ವ ಕೀಲಿಕೈಯನ್ನು ಮೇಲಿನಿಂದ ಎಸೆದಳು. ಬೋರ್ಡು ಕಿತ್ತ ಉಳಿಯಿಂದಲೇ ದೀಪಾ ಸೀಲ್ ಒಡೆದಳು. ಪೆಟ್ಟಿಗೆಯ ಬಾಗಿಲು ತೆರೆಯಿತು. ಒಳಗೆ ಎರಡು ತಂತಿ ಸೇರುವ ಜಾಗದಲ್ಲಿ ಅಡ್ಡಲಾಗಿ ಒಂದು ಒಣಗಿದ ಹಲ್ಲಿ, ಅದರ ಕೆಳಗೆ ಕಪ್ಪಾದ ಫ್ಯೂಜು. ಕೇಬಲ್ಲು ಒಳಗೆ ಹೋಗುವ ತೂತಿಗೆ ಮುಚ್ಚಳವಿರಲಿಲ್ಲ. ಹಲ್ಲಿ ಬಂದದ್ದು ಅಲ್ಲಿಂದಲೇ.

ಗುರುಲಿಂಗಪ್ಪ ಎಲ್ಲರಿಗಿಂತ ಮೊದಲು ನಕ್ಕ. "ಪಂಚಾಂಗ ತರಸ್ರಿ. ಹಲ್ಲಿ ಬಿದ್ದ ಫಲಾ ಏನೈತಿ ನೋಡೂಣು."

"ಫಲಾ ನಿಮಗ ಬಂತಲ್ಲ, ಸಾವ್ಕಾರ್ರ," ಎಂದಳು ಉದ್ದವ್ವ ಮೇಲಿನಿಂದ. ಈ ಸಲ ಅವಳ ದನಿ ಸಣ್ಣದಿತ್ತು. "ಒಂದ ಹಲ್ಲಿ ಸಲುವಾಗಿ ಎಂಟ ತಿಂಗಳ ನಿಮ್ಮ ಗಿರಣಿ ಮುಂದ ಕಡೇ ಪಾಳಿಗಿ ನಿಂತೇನಿ. ನಗ್ರಿ."

ಯಾರೂ ನಗಲಿಲ್ಲ. ದೀಪಾ ಟೆಂಪೋವನ್ನು ಖಾಲಿಯೇ ಕಳಿಸಿದಳು.

ಪರಪ್ಪ ಹುಕ್ಕೇರಿಯಿಂದ ಸಾಮಾನು ತಂದು, ಸುಟ್ಟದ್ದನ್ನು ಬದಲಿಸಿ, ತೂತಿಗೆ ಜಾಳಿಗೆ ಬಿಗಿದ. ಮರುದಿನ ಬಿಸಿಲು ಏರಿದಾಗ ಕಲ್ಲು ತಿರುಗಿತು. ಗೋಕಾಕದ ಕಚೇರಿಯಲ್ಲಿ ದೀಪಾಳಿಗೆ ಆದ ಮಂಗಳಾರತಿ ಸಣ್ಣದಲ್ಲ. ಕೆಲಸ ಹೋಗುವುದೊಂದು ಬಾಕಿ ಇತ್ತು. ಬೇರೆ ಊರುಗಳಲ್ಲಿ ನಿಂತುಹೋದ ಪೆಟ್ಟಿಗೆಗಳನ್ನೂ ಒಮ್ಮೆ ತೆರೆಯಿರಿ, ಆಮೇಲೆ ನನ್ನನ್ನು ತೆಗೆಯಿರಿ ಎಂದು ಅವಳು ಹಟ ಹಿಡಿದಳು. ತೆರೆದರು. ಮಮದಾಪುರದ್ದರಲ್ಲಿ ಇರುವೆ ಗೂಡು, ಇನ್ನೊಂದರಲ್ಲಿ ಸಡಿಲಾದ ತಂತಿ. ನಿಜವಾಗಿ ಕೆಟ್ಟದ್ದು ಒಂದೇ. ಸೂರ್ಯನ ತಪ್ಪು ಎಲ್ಲಿಯೂ ಇರಲಿಲ್ಲ, ಯಂತ್ರದ ತಪ್ಪೂ ಹೆಚ್ಚಿರಲಿಲ್ಲ. ಹತ್ತಿರದವರು ಮುಟ್ಟಬಾರದು, ದೂರದವರು ಬರುವುದಿಲ್ಲ: ಗಿರಣಿಗಳನ್ನು ಕೊಂದದ್ದು ಅದು.

ಆ ವರ್ಷದಿಂದ ಸಂಸ್ಥೆ ಸೀಲ್ ಹಾಕಿದ ಪೆಟ್ಟಿಗೆ ಕೊಳ್ಳುವುದನ್ನು ಬಿಟ್ಟಿತು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಪರಪ್ಪನಂಥ ರಿಪೇರಿಯವರನ್ನು ಕರೆದು ಕಲಿಸಿತು, ಅವರ ಅಂಗಡಿಗಳಲ್ಲೇ ಬದಲಿ ಸಾಮಾನು ಇಟ್ಟಿತು. ಹೊಸ ಗಿರಣಿ ಕೊಡುವ ಮೊದಲು ಆ ಊರಿನ ಆಸುಪಾಸು ಕಲಿತವರು ಯಾರಿದ್ದಾರೆ ಎಂದು ನೋಡತೊಡಗಿತು.

ಇದರಿಂದ ಉದ್ದವ್ವನ ನಾಲಿಗೆ ಮೆತ್ತಗಾಯಿತು ಎಂದು ಯಾರೂ ತಿಳಿಯಬಾರದು. ಬೋರ್ಡನ್ನು ಮತ್ತೆ ಗೋಡೆಗೆ ಹಚ್ಚೋಣವೇ ಎಂದು ದೀಪಾ ಕೇಳಿದ್ದಕ್ಕೆ, ಅದರಿಂದ ಈಗ ಕೋಳಿಗಳಿಗಾದರೂ ಉಪಯೋಗವಿದೆ ಎಂದಳು. ಅದು ಈಗಲೂ ಗೂಡಿನ ಬಾಯಲ್ಲಿ ತಲೆಕೆಳಗಾಗಿದೆ. ಗುರುಲಿಂಗಪ್ಪನ ಗಿರಣಿಯಲ್ಲಿ ಹಿಟ್ಟು ಈಗಲೂ ಕೂಡುತ್ತದಂತೆ. ದೀಪಾ ತಿಂಗಳಿಗೊಮ್ಮೆ ಬರುತ್ತಾಳೆ, ಬೈಸಿಕೊಳ್ಳುತ್ತಾಳೆ, "ಹೋಗ್ತೇನ್ರಿ ಕಾಕು" ಎಂದು ಎದ್ದು ಹೋಗುತ್ತಾಳೆ. ದುರ್ಗಪ್ಪ ಮಾತ್ರ ಪ್ರತಿ ಸಲವೂ ಕಿವಿ ಮುಚ್ಚಿಕೊಳ್ಳುತ್ತಾನೆ.

ಹೋದ ಚಳಿಗಾಲ ಸಂಸ್ಥೆ ಗೋಕಾಕದಲ್ಲಿ ಒಂದು ಸಭೆ ಕರೆದಿತ್ತು. ದೂರದಿಂದ ಇಂಥದೇ ಬೇರೆ ಸಂಸ್ಥೆಗಳವರು ಬಂದಿದ್ದರು. ಎರಡು ಒಳ್ಳೆಯ ಮಾತು ಹೇಳಲಿ ಎಂದು ಉದ್ದವ್ವನನ್ನು ವೇದಿಕೆಗೆ ಕರೆದರು. ಅವಳು ಮೈಕು ಬೇಡ ಎಂದಳು, ಒಳ್ಳೆಯ ಮಾತನ್ನೂ ಹೇಳಲಿಲ್ಲ. ಎಂಟು ತಿಂಗಳಲ್ಲಿ ಬಂದು ಹೋದವರನ್ನೆಲ್ಲ ಅವರವರ ಎದುರಿಗೇ ನೆನೆದಳು. ಚಹಾ ಹೊಗಳಿದ ಸಾಹೇಬರು ಮುಂದಿನ ಸಾಲಿನಲ್ಲೇ ಇದ್ದರು. ಅವಳು ಮುಗಿಸಿದಾಗ, ಹೊರಗಿನಿಂದ ಬಂದವರಲ್ಲಿ ಒಬ್ಬರು ಎದ್ದು, ಹಾಗಾದರೆ ರಿಪೇರಿ ಮಾಡುವವನು ಎಷ್ಟು ದೂರದೊಳಗೆ ಇರಬೇಕು ಎಂದು ಕೇಳಿದರು.

"ನನ್ನ ಬೈಗಳ ಕೇಳಸೂವಷ್ಟು ದೂರ."

ಸಭೆ ನಕ್ಕಿತು. ಪ್ರಶ್ನೆ ಕೇಳಿದವರು ಮಾತ್ರ ನಗಲಿಲ್ಲ, ಅವರು ಎಲ್ಲವನ್ನೂ ಬರೆದುಕೊಳ್ಳುವವರು. ಅಂದರೆ ಎಷ್ಟು ಎಂದರು.

ಉದ್ದವ್ವ ಯೋಚಿಸಿದಳು. ಕಣ್ಣು ಕಿರಿದು ಮಾಡಿ ಸಭೆಯ ಆಚೆ ನೋಡಿದಳು. ಮಾಳಿಗೆಯಿಂದ ಹೆದ್ದಾರಿಯ ಬಾಜೂ ಪರಪ್ಪನ ಅಂಗಡಿಯವರೆಗೆ, ಅಟ್ಟದಿಂದ ಗಿಳಿ ಕೂತ ಬದುವಿನವರೆಗೆ ಮನಸ್ಸಿನಲ್ಲೇ ಅಳೆದಳು.

"ಗಾಳಿ ಇಲ್ದಾಗ," ಎಂದಳು, "ನಾಕ ಫರ್ಲಾಂಗ."