ಹಬೆಯಕ್ಕ ಬಿಡಿಸಿದ ಜರ್ಮನ್ ಗಂಟು

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕತ್ತರಿ, ಚಿಮುಟಗಳ ತಟ್ಟೆಗಳನ್ನು ಯಂತ್ರದೊಳಗೆ ತಳ್ಳಿ, ಭಾರದ ಬಾಗಿಲಿಗೆ ಹೆಗಲು ಕೊಟ್ಟು ಮುಚ್ಚುತ್ತಾರೆ ಹಬೆಯಕ್ಕ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಹಬೆಯಲ್ಲಿ ಶುದ್ಧಗೊಳಿಸುವುದು ಇಪ್ಪತ್ತಾರು ವರ್ಷಗಳಿಂದ ಅವರ ಕೆಲಸ. ಇಡೀ ಆಸ್ಪತ್ರೆ ಕರೆಯುವುದೂ ಈ ಹೆಸರಿನಿಂದಲೇ. ದಿನಕ್ಕೆ ನಲವತ್ತು ತಟ್ಟೆ. ಅವು ಮೇಲಕ್ಕೆ ಹೋಗದೆ ಒಂದು ಆಪರೇಷನ್ನೂ ಶುರುವಾಗುವುದಿಲ್ಲ.

ಯಂತ್ರ ಜರ್ಮನಿಯಿಂದ ದಾನವಾಗಿ ಬಂದದ್ದು, ಅದರ ಕೈಪಿಡಿಯೂ ಜರ್ಮನ್‌ನಲ್ಲೇ. ತಯಾರಿಸಿದ ಕಂಪನಿ ಎಂದೋ ಬಾಗಿಲು ಹಾಕಿದೆ. ಎರಡು ವರ್ಷದ ಹಿಂದೆ ಒತ್ತಡ ನಿಲ್ಲದೆ ಯಂತ್ರ ಕೈಕೊಟ್ಟಿತು. ಹಳೆಯ ಪುಟ್ಟ ಯಂತ್ರದಲ್ಲಿ ಅರ್ಧ ಕೆಲಸವೂ ಸಾಗದೆ ಆಪರೇಷನ್‌ಗಳು ಮುಂದೆ ಹೋದವು. "ಗುಜರಿಗೆ ಹಾಕಿ" ಎಂದರು ಎಂಜಿನಿಯರ್. ಹಬೆಯಕ್ಕ ಕೈಪಿಡಿಯನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ನಡೆದರು.

ಅವರು ಓದಿದ್ದು, ಬೆಳೆದದ್ದು ಇಂಗ್ಲಿಷಿನಲ್ಲಿ. "ಇಂಗ್ಲಿಷ್ ಬಂದ್ರೆ ಜರ್ಮನ್ ಏನು ಮಹಾ ಅಂದ್ಕೊಂಡೆ. ಮೊದಲನೇ ಪಾಠದಲ್ಲೇ ಜಂಬ ಇಳಿದುಹೋಯ್ತು! ಮುಚ್ಚಳ ಗಂಡಂತೆ, ಪಂಪು ಹೆಣ್ಣಂತೆ, ವಾಲ್ವು ಎರಡೂ ಅಲ್ವಂತೆ. ಯಾರು ಹೋಗಿ ನೋಡ್ಕೊಂಡು ಬಂದ್ರೋ!"

ಬಸ್ಸಿನಲ್ಲಿ ಹೋಗಿ ಬರುವ ಎಂಬತ್ತು ನಿಮಿಷವೇ ಶಾಲೆ. ದಿನಕ್ಕೆ ಹತ್ತು ಪದ. ಮನೆಯಲ್ಲಿ ಸೊಸೆ ಸೌಟು ಎತ್ತಿ ಹಿಡಿದು ಕೇಳುತ್ತಿದ್ದಳು: "ಅತ್ತೆ, ಇದು ದೇರಾ, ದೀನಾ, ದಾಸಾ? ಗಂಡಾ, ಹೆಣ್ಣಾ, ಎರಡೂ ಅಲ್ವಾ?" ಎಂಜಿನಿಯರ್ ಮಾತ್ರ ನಕ್ಕರು: "ಐವತ್ತೊಂದನೇ ವಯಸ್ಸಲ್ಲಿ ಯಾಕಕ್ಕಾ ತಲೆ ಕೆಡಿಸ್ಕೊಳ್ತೀರಿ?"

ಎಂಟನೇ ತಿಂಗಳು, ಬಸ್ಸಿನಲ್ಲೇ ಗಂಟು ಬಿಚ್ಚಿಕೊಂಡಿತು. ವಾಲ್ವ್ ತಿರುಗಿಸಲು ಹೇಳುವ ವಾಕ್ಯದ ತುದಿಯಲ್ಲಿ 'ತ್ಸು' ಎಂಬ ಪುಟ್ಟ ಪದ ಒಂಟಿಯಾಗಿ ಕೂತಿತ್ತು. ಇಂಗ್ಲಿಷಿನ 'ಟು' ಇರಬೇಕೆಂದು ಅದನ್ನು ಕಡೆಗಣಿಸಿದ್ದ ಎಂಜಿನಿಯರ್, ಯಂತ್ರ ಕೈಕೊಡುವ ಮುನ್ನ ಸರ್ವೀಸ್ ಮಾಡಿಸುವಾಗ ನಿಘಂಟು ನೋಡಿ 'ತಿರುಗಿಸಿ' ಎಂದಷ್ಟೇ ಓದಿಕೊಂಡು ವಾಲ್ವನ್ನು ತೆರೆಸಿಟ್ಟಿದ್ದರು.

"ಅದು ಕ್ರಿಯಾಪದದ ತುಂಡು ಕಣ್ರೀ! ಅಷ್ಟು ದೂರ ಹೋಗಿ ಕೂತ್ಕೊಳ್ಳುತ್ತೆ. ಎರಡನ್ನೂ ಸೇರಿಸಿ ಓದಿದ್ರೆ 'ತಿರುಗಿಸಿ ಮುಚ್ಚಿ' ಅಂತ!"

ಮರುದಿನ ಮುಚ್ಚಿದರು. ಎಂಜಿನಿಯರ್ ಎದುರಿಗೇ ಮೂರು ಸಲ ಖಾಲಿ ಓಡಿಸಿದರು. ಮೂರು ಸಲವೂ ಒತ್ತಡದ ಮುಳ್ಳು ಏರಬೇಕಾದಲ್ಲಿಗೆ ಏರಿ ಅಲುಗಾಡದೆ ನಿಂತಿತು. ನರ್ಸ್‌ಗಳು ತಟ್ಟೆ ಬಡಿದು ಕುಣಿದರು. ಕಾದು ಕೂತಿದ್ದ ಮೂವತ್ತೊಂದು ಮಂದಿಗೆ ಆ ತಿಂಗಳೇ ಆಪರೇಷನ್ ಆಯಿತು.

ಈಗ ಊಟದ ಬಿಡುವಿನಲ್ಲಿ ನೆಲಮಾಳಿಗೆಯಲ್ಲಿ ಜರ್ಮನ್ ತರಗತಿ ನಡೆಯುತ್ತದೆ. ಏಳು ಮಂದಿ ಕಲಿಯುತ್ತಾರೆ. ಮುಂದಿನ ಸ್ಟೂಲಿನಲ್ಲಿ ಎಂಜಿನಿಯರ್. ಅವರು ತಡವರಿಸಿದಾಗ ಹಬೆಯಕ್ಕ ಕೈಬೀಸಿ ನಗುತ್ತಾರೆ.

"ಧೈರ್ಯವಾಗಿ ಹೇಳಿ ಸಾರ್. ನಾನು ಎಂಟು ತಿಂಗಳು ತಪ್ಪೇ ಮಾತಾಡಿದ್ದು!"