ಮಾವನ ಬೆನ್ನಿಗೆ ಸೊಸೆಯ ಕಾಲು

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಹೊರಗೆ ಬಂತಂತೆ. ಅದರಲ್ಲಿ ನನ್ನ ತಪ್ಪೇನು ಹೇಳಿ! ಹಾಗೆ ಹುಟ್ಟಿದವರು ಒದ್ದರೆ ಬೆನ್ನಿನ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಕುಮಟೆಯ ತವರಿನಲ್ಲಿ ಸೊಂಟ ಹಿಡಿದುಕೊಂಡು ಬಂದವರಿಗೆಲ್ಲ ಒದ್ದು, ಅವರು ಕೊಟ್ಟ ಬೆಲ್ಲ ತಿಂದು ಬೆಳೆದವಳು ನಾನು. ಚಿಕ್ಕವಳಿಗೆ ಎಂಥ ನಾಚಿಕೆ?

ಎರಡನೇ ಮಹಾಯುದ್ಧದ ಕಾಲದಲ್ಲಿ ಹೊನ್ನಾವರಕ್ಕೆ ಮದುವೆಯಾಗಿ ಬಂದೆ. ಗಂಡ ಮುಂಬಯಿಯಲ್ಲಿ ಕೆಲಸಕ್ಕಿದ್ದರು. ಮಾವ ಶರಾವತಿಯ ಮೇಲೆ ಗೇರುಸೊಪ್ಪೆಗೆ ಉಪ್ಪಿನ ಚೀಲ ಸಾಗಿಸುವ ದೋಣಿಯವರು. ಒಂದು ಬೆಳಿಗ್ಗೆ ಚೀಲ ಎತ್ತಲು ಬಗ್ಗಿದವರು ಅಲ್ಲೇ ಕುಸಿದರು. ಎಣ್ಣೆ ತಿಕ್ಕಿದ್ದಾಯಿತು, ಶಾಖ ಕೊಟ್ಟದ್ದಾಯಿತು, ಎಷ್ಟು ದಿನವಾದರೂ ಚಾಪೆ ಬಿಟ್ಟು ಏಳಲಾಗಲಿಲ್ಲ. ದೋಣಿ ದಡದಲ್ಲೇ ಬಿದ್ದಿತ್ತು. ನನ್ನ ಕಾಲಿನ ಸುದ್ದಿ ಅತ್ತೆಯ ಕಿವಿಗೆ ಮೊದಲೇ ಬಿದ್ದಿತ್ತಲ್ಲ!

"ಎಂತ ಮಾಡುದು ತಂಗಿ, ನೀನೇ ಒಂದ್ಸಲ ಒದ್ದುಬಿಡು" ಎಂದರು.

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮಾವನ ಎದುರು ನಿಂತು ಮಾತಾಡಿದವಳೇ ಅಲ್ಲ ನಾನು, ಅವರ ಬೆನ್ನಿಗೆ ಕಾಲು ಹಾಕುವುದೇ! ಆಗುವುದಿಲ್ಲ ಎಂದೆ.

"ಹಂಗಾರೆ ಅವ್ರು ಹಿಂಗೇ ಬಿದ್ಕಂಡಿರ್ಲಿ ಅಂತ್ಯಾ?" ಎಂದರು ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ಮಾವನನ್ನು ಹೊಸ್ತಿಲ ಬಳಿ ಬೋರಲು ಮಲಗಿಸಿದರು. ಅಂಗಳದಲ್ಲಿ ಕೇರಿಯವರೆಲ್ಲ ಜಮಾಯಿಸಿದ್ದರು, ಅವರಿಗೇನು ಕೆಲಸವೋ! ಕಣ್ಣು ಮುಚ್ಚಿ ಒದ್ದೆ. ಮಾವ ಸ್ವಲ್ಪ ಹೊತ್ತಿಗೆ ಬಾಗಿಲ ಚೌಕಟ್ಟು ಹಿಡಿದು, "ಆತು, ಬಿಟ್ತು" ಎನ್ನುತ್ತ ಎದ್ದು ನಿಂತರು. ಜನ ಹೋ ಎಂದರು. ನಾನು ಒಳಗೆ ಓಡಿ, ಕಾಲಿಗೆ ನೀರು ಸುರಿದುಕೊಂಡು ಅತ್ತುಬಿಟ್ಟೆ.

ಮಾವ ಮತ್ತೆ ದೋಣಿಗೆ ಹೋದರು. ಕರ್ಕಿಯಿಂದ, ಭಟ್ಕಳದಿಂದಲೂ ಜನ ಒದೆಸಿಕೊಳ್ಳಲು ಬಂದರು. ಬಾವಿಕಟ್ಟೆಯಲ್ಲಿ ಹೆಂಗಸರು, "ಮಾವಂಗೇ ಒದ್ದ ಸೊಸೆ ಬಂದ್ಲು, ದಾರಿ ಬಿಡ್ರೇ" ಎಂದು ನಗುತ್ತಿದ್ದರು. ಕೊಡ ಅರ್ಧ ತುಂಬುವ ಮೊದಲೇ ಎತ್ತಿಕೊಂಡು ಬರುತ್ತಿದ್ದೆ. ಮಾವ ಗುಣವಾದರಲ್ಲ, ಅದೊಂದೇ ನನಗಿದ್ದ ಸಮಾಧಾನ.

ಮರುವರ್ಷ ಅವರ ಬಲಗಾಲು ಎಳೆಯತೊಡಗಿತು. ಅತ್ತೆಗೆ ಮೋಟಾರು ಹತ್ತಿದರೆ ವಾಂತಿ, ಹಾಗಾಗಿ ಕುಮಟೆಯ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಕಾಲು ಎತ್ತಿಸಿ, ಬೆನ್ನು ಒತ್ತಿ ನೋಡಿದರು. ಬೆನ್ನಿನ ಮೂಳೆಗಳ ನಡುವೆ ಮೆತ್ತೆಯಂಥದ್ದು ಇರುತ್ತದೆ, ಅದರ ಪಸೆ ಆರಿ ಸವೆದಿದೆ, ಜಾರಿ ನರವನ್ನು ಒತ್ತುತ್ತಿರಬೇಕು ಎಂದರು. ಭಾರ ಎತ್ತಲೇಬಾರದಿತ್ತಂತೆ.

"ಯಾವಾಗಿನಿಂದ ನೋವು?"

"ಹೋದ್ವರ್ಷ ಚೀಲ ಎತ್ತಿದ್ದಿಂದ."

"ನಡುವೆ ಕಡಿಮೆಯಾಗಿತ್ತೇ?"

ಮಾವ ನನ್ನತ್ತ ನೋಡಿ ತಲೆ ತಗ್ಗಿಸಿದರು. "ಇಲ್ಲ" ಎಂದರು.

ಮುಖ ಎಲ್ಲಿ ಇಟ್ಟುಕೊಳ್ಳಲಿ? ಹೊರಗೆ ಮೋಟಾರಿಗೆ ಕಾಯುವಾಗ, ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವರ ಮುಖ ನೋಡಿ ಕೇಳಿದೆ. "ಹಂಗಾರೆ ಆವತ್ತು ಎದ್ದು ನಿಂತದ್ದು ಎಂತಕ್ಕೆ, ಮಾವ?"

"ನಾ ಏಳದೇ ಇದ್ರೆ, ನೀ ಸುಮ್ನೇ ಮಾವಂಗೆ ಒದ್ದವಳಾಗ್ತಿದ್ದೆ, ತಂಗಿ" ಎಂದರು.