ಸೊರಬದ ಯಂತ್ರ, ಶಿಕಾರಿಪುರದ ಗಡಿಯಾರ

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಟ್ಟರೆ ಆಮೇಲೆ ಯಾರೂ ಕೆದಕಿ ಕೇಳುವ ಶ್ರಮವಿಲ್ಲ. ಅವಳು ಮೈದುನನ ಹೆಂಡತಿ. ನಮ್ಮಿಬ್ಬರಿಗೂ ಕೆಲಸ ಒಂದೇ ಸಹಕಾರ ಸಂಘದಲ್ಲಿ. ಶಿಕಾರಿಪುರದ ಮುಖ್ಯ ಕಚೇರಿಯ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ, ಸೊರಬದ ಶಾಖೆಯವನ್ನು ಅಲ್ಲೇ ಮನೆ ಮಾಡಿಕೊಂಡಿರುವ ಅವಳು. ಮನೆಯಲ್ಲಿ ಅತ್ತೆಗೆ ಅವಳ ಸಾರೇ ರುಚಿ, ಕಚೇರಿಯಲ್ಲಿ ಕಾರ್ಯದರ್ಶಿಗೆ ಅವಳ ಕೆಲಸವೇ ಅಚ್ಚುಕಟ್ಟು. ಎರಡೂ ಕಡೆಯ ಯಂತ್ರಗಳ ಉಸ್ತುವಾರಿಯನ್ನು ಒಬ್ಬರಿಗೇ ಕೊಡುತ್ತಾರೆಂಬ ಸುದ್ದಿ ಆ ವರ್ಷ ಎದ್ದಿತ್ತು. ಅದು ನನಗೇ ಬರಬೇಕಿತ್ತು.

ಸೊರಬದಲ್ಲಿರುವುದು ಒಂದೇ ದೊಡ್ಡ ಯಂತ್ರ. ಅದರೊಳಗೆ ಅಡಿಕೆ ತೂಕಕ್ಕೊಂದು, ಬಿಲ್ಲಿಗೊಂದು, ಸದಸ್ಯರ ಖಾತೆಗೊಂದು ಎಂದು ಹಲವು ವರ್ಚುವಲ್ ಯಂತ್ರಗಳು, ಅಂದರೆ ಸಾಫ್ಟ್‌ವೇರಿನಲ್ಲೇ ಇರುವ ಕಂಪ್ಯೂಟರುಗಳು, ಓಡುತ್ತವೆ. ಅದನ್ನು ಶಿಕಾರಿಪುರದಲ್ಲಿ ಕೂತೇ ನಿಭಾಯಿಸಲು ನನ್ನ ಬಳಿ ಮ್ಯಾನೇಜ್‌ಮೆಂಟ್ ಸರ್ವರ್ ಇದೆ. ಅಂದರೆ ಅವಳ ಯಂತ್ರ ನನ್ನ ಯಂತ್ರದ ಕೈಕೆಳಗೆ. ಈ ಏರ್ಪಾಡು ನನಗೆ ಬಹಳ ಹಿಡಿಸಿತ್ತು.

ಆಯುಧಪೂಜೆಯ ದಿನ ಪೂಜೆಗಿಟ್ಟದ್ದನ್ನು ಮುಟ್ಟಬಾರದು. ಅದಕ್ಕೇ ನಾನು ಸರ್ವರ್ ಬಂದ್ ಮಾಡಿ, ವೈರುಗಳನ್ನೆಲ್ಲ ಬಿಚ್ಚಿ, ಧೂಳು ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದೆ. ಸೊರಬದಲ್ಲಿ ಅವಳು ಓಡುವ ಯಂತ್ರಕ್ಕೇ ಕುಂಕುಮ ಇಟ್ಟು ಕೈ ಮುಗಿದಳಂತೆ. ಶಾಸ್ತ್ರವೆಂದರೆ ಅವಳಿಗೆ ಅಷ್ಟೇ ಎಂದುಕೊಂಡೆ.

ಹಬ್ಬ ಮುಗಿಸಿ ಬಂದು ಸರ್ವರ್ ಚಾಲೂ ಮಾಡಿದರೆ ಸೊರಬದ ಯಂತ್ರದ ಸಂಪರ್ಕವೇ ಇಲ್ಲ. ಹೆಸರಿನ ಮುಂದೆ ಕೆಂಪು ಗುರುತು. ನನಗೆ ಒಳಗೊಳಗೇ ಖುಷಿ. ಫೋನ್ ಹಚ್ಚಿ, ಕಚೇರಿಯವರೆಲ್ಲ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಏನ್ ಮಾಡಿಟ್ಟೀಯೇ ಅಲ್ಲಿ?"

"ಏನೂ ಮಾಡಿಲ್ಲ ಅಕ್ಕ. ಇಲ್ಲಿ ಎಲ್ಲಾ ಓಡ್ತಾ ಇದೆ."

ಪಿಂಗ್ ಮಾಡಿದೆ, ಉತ್ತರ ಬಂತು. ಅಂದರೆ ಲೈನು ಸರಿಯಿದೆ. ನನ್ನ ಸರ್ವರ್ ಜೊತೆ ಮಾತಾಡುವ ಸರ್ವೀಸನ್ನು ಅವಳ ಕಡೆ ನಿಲ್ಲಿಸಿ ಮತ್ತೆ ಶುರು ಮಾಡಿಸಿದೆ, ಗುರುತು ಕೆಂಪಾಗಿಯೇ ಇತ್ತು. ಕೊನೆಗೆ ಯಂತ್ರವನ್ನು ಪಟ್ಟಿಯಿಂದ ತೆಗೆದು ಮತ್ತೆ ಸೇರಿಸಲು ಹೋದರೆ, ಆ ಕಡೆಯ ಸರ್ಟಿಫಿಕೇಟ್, ಅಂದರೆ ಯಂತ್ರದ ಗುರುತಿನ ಚೀಟಿ, ಸಿಂಧುವಲ್ಲ ಎಂದಿತು. ಹಬ್ಬಕ್ಕೆ ಮುಂಚೆ ಹೊಸ ಸರ್ಟಿಫಿಕೇಟ್ ಹಾಕಿದ್ದು ಅವಳೇ! ನೇರ ಕಾರ್ಯದರ್ಶಿಯ ಬಳಿ ಹೋಗಿ, "ಸೊರಬದಾಗ ಏನೋ ಕೆಡಿಸ್ಯಾರ್ರೀ ಸರ್, ನಾನೇ ಹೋಗಿ ನೋಡ್ಬೇಕು" ಎಂದು ಹೇಳಿ ಬಸ್ ಹತ್ತಿದೆ.

ಅಲ್ಲಿ ಗದ್ದಲ ಎದ್ದಿರುತ್ತದೆ, ನನ್ನ ದಾರಿ ಕಾಯುತ್ತಿರುತ್ತಾರೆ ಎಂದುಕೊಂಡಿದ್ದೆ. ಅಂಗಳದಲ್ಲಿ ಅಡಿಕೆ ಮೂಟೆಗಳು ತೂಕವಾಗುತ್ತಿದ್ದವು, ಬಿಲ್ಲುಗಳು ಬರುತ್ತಿದ್ದವು, ರೈತರು ಮಡಚಿ ಜೇಬಿಗಿಟ್ಟುಕೊಂಡು ಹೋಗುತ್ತಿದ್ದರು. ಮೇಲಿನ ಸರ್ವರ್‌ನ ಸಂಪರ್ಕ ಕಡಿದರೂ ಒಳಗಿನ ಯಂತ್ರಗಳು ನಿಲ್ಲುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕಣ್ಣಾರೆ ನೋಡಿ ಹೊಟ್ಟೆ ಉರಿಯಿತು. ನಾನಿಲ್ಲವೆಂಬುದು ಅಲ್ಲಿ ಯಾರಿಗೂ ತಿಳಿದೇ ಇರಲಿಲ್ಲ.

ಅವಳು ತನ್ನ ಕುರ್ಚಿ ಬಿಟ್ಟುಕೊಟ್ಟು ಚಹಾ ತರಿಸಿದಳು. ಸರ್ಟಿಫಿಕೇಟ್ ತೆಗೆದು ನೋಡಿದೆ, ತಾರೀಖು ಸರಿಯಾಗಿತ್ತು. ಅವಳ ಯಂತ್ರದ ಗಡಿಯಾರವೂ ಸರಿಯಾಗಿತ್ತು. ಅಲ್ಲಿಂದಲೇ ನನ್ನ ಸರ್ವರ್ ಒಳಗೆ ಹೋಗಿ ಅದರ ತಾರೀಖು ನೋಡಿದೆ. ಅದು ಎಷ್ಟೋ ವರ್ಷ ಹಿಂದೆ ನಿಂತಿತ್ತು. ಕರೆಂಟಿಲ್ಲದಾಗ ಗಡಿಯಾರ ನಡೆಸುವ ಒಳಗಿನ ಪುಟ್ಟ ಬ್ಯಾಟರಿ ಸತ್ತಿರಬೇಕು. ಪೂಜೆಗೆಂದು ನಾನು ವೈರು ಬಿಚ್ಚಿದ್ದೇ ತಡ, ಗಡಿಯಾರ ಹಳೆಯ ಕಾಲಕ್ಕೆ ಹೋಗಿ ಕೂತಿದೆ. ಇನ್ನೂ ಹುಟ್ಟದ ಸರ್ಟಿಫಿಕೇಟನ್ನು ಅದು ಒಪ್ಪುವುದಾದರೂ ಹೇಗೆ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಡಿಯಾರ ಸರಿಪಡಿಸಿ ಮತ್ತೆ ಸೇರಿಸಿದೆ, ಗುರುತು ಹಸಿರಾಯಿತು.

ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ನನ್ನ ಸರ್ವರ್ ನೋಡುವಷ್ಟಕ್ಕೆ ಅವಳಿಗೂ ಲಾಗಿನ್ ಕೊಟ್ಟಿದ್ದೆವು.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಬೆಳಿಗ್ಗೆನೇ ನೋಡಿದ್ದೆ ಅಕ್ಕ. ಫೋನಲ್ಲಿ ಹೇಳಿದ್ರೆ ನಿಮ್ಮ ಆಫೀಸಿನೋರಿಗೆಲ್ಲ ಕೇಳ್ಸುತ್ತಲ್ಲ, ಅದ್ಕೇ ಸುಮ್ನಾದೆ."

ಅಷ್ಟರಲ್ಲಿ ಕಾರ್ಯದರ್ಶಿಯ ಫೋನು ಅವಳಿಗೆ ಬಂತು. "ಅಕ್ಕ ಬಂದು ಸರಿ ಮಾಡಿದ್ರು ಸರ್" ಎಂದಳು, ಗಡಿಯಾರದ ಮಾತೇ ಎತ್ತಲಿಲ್ಲ. ಬೈದಿದ್ದರೆ, ಆಡಿಕೊಂಡು ನಕ್ಕಿದ್ದರೆ ನಾನು ಸುಖವಾಗಿ ಮನೆಗೆ ಹೋಗುತ್ತಿದ್ದೆ. ಇವಳು ಇಷ್ಟು ಒಳ್ಳೆಯವಳಾಗುವ ಅಗತ್ಯವೇನಿತ್ತು?

ಉಸ್ತುವಾರಿ ನನಗೇ ಬಂತು. ಅತ್ತೆ ಪಾಯಸ ಮಾಡಿದರು. ಬಡಿಸುತ್ತಾ, ಅವಳಿದ್ದಿದ್ದರೆ ಇನ್ನೂ ಚೆನ್ನಾಗಿ ಮಾಡುತ್ತಿದ್ದಳು ಎಂದರು.

ಮರುವರ್ಷದ ಆಯುಧಪೂಜೆಗೆ ನಾನು ಸರ್ವರ್ ಬಂದ್ ಮಾಡಲಿಲ್ಲ. ಓಡುತ್ತಿದ್ದಂತೆಯೇ ಕುಂಕುಮ ಇಟ್ಟು ಹಾರ ಹಾಕಿದೆ. ಕಾರ್ಯದರ್ಶಿ ನೋಡಿ ಮೆಚ್ಚಿಕೊಂಡರು.

"ಇದು ಚಲೋ ಆತು ನೋಡ್ರೀ. ಸೊರಬದಾಗೂ ಹಿಂಗೇ ಮಾಡ್ತಾರಂತ. ಅವ್ರನ್ನ ನೋಡಿ ಕಲ್ತ್ರೇನು?"

ಜವಾನನ ಕೈಯಲ್ಲಿದ್ದ ಕುಂಬಳಕಾಯಿ ಕಸಿದುಕೊಂಡು ಆ ವರ್ಷ ನಾನೇ ಒಡೆದೆ.